ವಾರ್ಷಿಕೋತ್ಸವದ ಊಟ ಬೆಳಗಿನ ಏಳಕ್ಕೇ ಇರಲಿ

ಪ್ರಶ್ನೆ: ಬರುವ ಡಿಸೆಂಬರ್ ಎರಡನೇ ವಾರಕ್ಕೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತದೆ. ಮಕ್ಕಳಿಬ್ಬರೂ ಹೊರಗೆ ಓದುತ್ತಿರುವುದರಿಂದ ಛತ್ರ, ನೆಂಟರು, ಪಂಕ್ತಿಯೂಟ ಯಾವುದೂ ಬೇಡವೆಂದು ತೀರ್ಮಾನಿಸಿ, ನಾವಿಬ್ಬರೇ ಮೂರು ರಾತ್ರಿ ಲಖನೌಗೆ ಹೋಗಿಬರುವ ಯೋಚನೆ ಮಾಡಿದ್ದೇವೆ. 2025ರಲ್ಲಿ ಯುನೆಸ್ಕೊ ಆ ಊರನ್ನು ಆಹಾರ ಪರಂಪರೆಗಾಗಿ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿದ ಸುದ್ದಿ ಓದಿದಾಗಿನಿಂದ ಯಜಮಾನರಿಗೆ ಅದೇ ಧ್ಯಾನ. ಆದರೆ ಅವರು ಮಾಂಸಾಹಾರಿ, ಬಿರಿಯಾನಿ ಎಂದರೆ ಪ್ರಾಣ. ನಾನು ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಎರಡು ಪಾತ್ರೆಯಿಟ್ಟು ಸಂಸಾರ ಮಾಡಿದ್ದೇವೆ. ಕಬಾಬಿನ ಊರಿನಲ್ಲಿ ನಾನು ಬರೀ ಮೊಸರನ್ನ ಹುಡುಕಿಕೊಂಡು ಅಲೆಯಬೇಕಾದೀತೇ? ವಾರ್ಷಿಕೋತ್ಸವದ ರಾತ್ರಿಯ ಊಟಕ್ಕೆ ದೊಡ್ಡ ಹೋಟೆಲಿನಲ್ಲಿ ಈಗಲೇ ಟೇಬಲ್ ಕಾಯ್ದಿರಿಸಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಟೇಬಲ್ ಕಾಯ್ದಿರಿಸುವುದು ಬೇಡ. ಕಾಯ್ದಿರಿಸಿದರೂ ಅದೇ ಆ ದಿನದ ಮುಖ್ಯ ಊಟವೆಂದು ಇಟ್ಟುಕೊಳ್ಳಬೇಡಿ. ದೊಡ್ಡ ಹೋಟೆಲಿನ ನವಾಬಿ ಊಟ ಮೇ ತಿಂಗಳಿನಲ್ಲಿ ಹೋದರೂ ಸಿಗುತ್ತದೆ. ಚಳಿಗಾಲದ ಲಖನೌ ಮಾತ್ರ ಕೊಡಬಲ್ಲ ತಿನಿಸು ಇರುವುದು ಬೆಳಗಿನ ಬೀದಿಯಲ್ಲಿ. ನಿಮ್ಮ ಅದೃಷ್ಟಕ್ಕೆ, ಅಲ್ಲಿ ನೀವಿಬ್ಬರೂ ಒಂದೇ ದೊನ್ನೆಯಿಂದ ತಿನ್ನಬಹುದಾದದ್ದೂ ಅದೇ.

ಅದರ ಹೆಸರು ಮಕ್ಖನ್ ಮಲಾಯಿ. ಹಳಬರು ನಿಮಿಶ್ ಎಂದೂ ಕರೆಯುತ್ತಾರೆ. ಬೆಣ್ಣೆ ದೋಸೆಯ ಊರಿನವರಾದ ನೀವು ಹೆಸರು ಕೇಳಿ ಬೆಣ್ಣೆಯ ಮುದ್ದೆಯನ್ನೋ ಕೆನೆಯ ಗಟ್ಟಿಯನ್ನೋ ಊಹಿಸಿಕೊಂಡರೆ ಮೋಸಹೋಗುತ್ತೀರಿ, ಏಕೆಂದರೆ ಇದು ಬರೀ ನೊರೆ. ಗಟ್ಟಿ ಹಾಲನ್ನು ಕೆನೆಯೊಡನೆ ಕಾಯಿಸಿ, ಆರಿಸಿ, ರಾತ್ರಿಯಿಡೀ ತೆರೆದ ಬಾನಿನ ಕೆಳಗೆ ಇಬ್ಬನಿಗೆ ಒಡ್ಡಿ, ನಸುಕಿನಲ್ಲಿ ಕಡೆಯುತ್ತಾರೆ. ಮೇಲೆದ್ದ ನೊರೆಯನ್ನು ಪದರಪದರವಾಗಿ ತೆಗೆದು, ಕೇಸರಿ ಸಕ್ಕರೆಗಳೊಡನೆ ಅಗಲವಾದ ಪರಾತದಲ್ಲಿ ಗುಡ್ಡೆ ಹಾಕಿ ಪಿಸ್ತಾ ಉದುರಿಸುತ್ತಾರೆ. ಇಬ್ಬನಿ ಬೀಳದಿದ್ದರೆ ಇದು ಆಗುವುದೇ ಇಲ್ಲವೆಂಬುದು ಮಾರುವವರ ಮಾತು. ಇಬ್ಬನಿಯ ಪಾಲು ಎಷ್ಟೋ, ಚಳಿಯ ಪಾಲಂತೂ ನಿಜ: ಹಾಲಿನ ಕೊಬ್ಬು ತಣ್ಣಗೆ ಗಟ್ಟಿಯಾಗಿದ್ದಷ್ಟು ಹೊತ್ತು ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತದೆ, ಬಿಸಿಲೇರಿದಂತೆ ಕೊಬ್ಬು ಸಡಿಲಗೊಂಡು ನೊರೆ ಕುಸಿಯುತ್ತದೆ. ಸುಮಾರು ನವೆಂಬರಿನಿಂದ ಫೆಬ್ರುವರಿಯವರೆಗೆ, ಅದೂ ಬೆಳಗಿನ ಹೊತ್ತಿನಲ್ಲಿ ಮಾತ್ರ ಇದನ್ನು ಮಾರುವುದು ಈ ಕಾರಣಕ್ಕೇ. ಮಾರುವವನು ಚಪ್ಪಟೆ ಚಮಚದಿಂದ ಎತ್ತಿ ಹಾಕಿದಾಗ ದೊನ್ನೆ ತುಳುಕುವಷ್ಟು ತುಂಬಿದ್ದರೂ ಕೈಗೆ ಭಾರವೇ ತಿಳಿಯುವುದಿಲ್ಲ. ನಾಲಿಗೆಯ ಮೇಲಿಟ್ಟ ಕ್ಷಣದಲ್ಲಿ ನೊರೆ ಇಂಗಿಹೋಗಿ, ಕೇಸರಿಯ ಪರಿಮಳವೂ ಹಾಲಿನ ತಂಪೂ ಉಳಿಯುತ್ತವೆ.

ನಾನು ಮೊದಲ ಸಲ ಹೋದಾಗ, ಚಳಿಗೆ ಹೆದರಿ ರಜಾಯಿಯೊಳಗೇ ಉಳಿದ ಹೆಂಡತಿಗೆಂದು ಇದನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬಂದೆ. ಆಗಲೇ ಹನ್ನೊಂದು ದಾಟಿತ್ತು, ಆಟೋದಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು. ಕೋಣೆಯಲ್ಲಿ ಮುಚ್ಚಳ ತೆಗೆದರೆ ತಳದಲ್ಲಿ ಎರಡು ಚಮಚ ಹಳದಿ ಹಾಲಿತ್ತು. ‘ಇಷ್ಟಕ್ಕೇನಾ ನನ್ನನ್ನು ಎಬ್ಬಿಸಿದ್ದು?’ ಎಂದು ಆಕೆ ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆದ್ದರಿಂದ ನೀವು ಪಾರ್ಸೆಲ್ ಕಟ್ಟಿಸಬೇಡಿ, ಇಬ್ಬರೂ ಎದ್ದು ಹೋಗಿ.

ಹೋಗಬೇಕಾದ ಜಾಗ ಹಳೆಯ ಪೇಟೆಯಾದ ಚೌಕ್. ಅದರ ಒಂದು ತುದಿ ಗೋಲ್ ದರ್ವಾಜಾ, ಇನ್ನೊಂದು ತುದಿ ಅಕ್ಬರಿ ದರ್ವಾಜಾ; ನಡುವಿನ ಇಕ್ಕಟ್ಟಾದ ಬೀದಿಯಲ್ಲಿ ಅತ್ತರಿನ ಅಂಗಡಿಗಳೂ ಚಿಕನ್ ಕಸೂತಿಯ ಅಂಗಡಿಗಳೂ ಇವೆ. (ಇದು ಬಟ್ಟೆಯ ಮೇಲಿನ ದಾರದ ಕೆಲಸದ ಹೆಸರು, ಯಜಮಾನರು ಬೋರ್ಡು ಓದಿ ಒಳಗೆ ನುಗ್ಗದಿರಲಿ.) ಮಕ್ಖನ್ ಮಲಾಯಿಯ ಪರಾತಗಳು ಸಾಲಾಗಿ ಕಾಣುವುದು ಗೋಲ್ ದರ್ವಾಜಾದ ಬಳಿ. ಮಾಂಸದ ಅಂಗಡಿಗಳಿರುವುದು ಅಕ್ಬರಿ ದರ್ವಾಜಾದ ಕಡೆಗೆ. ಹೀಗಾಗಿ ವಾರ್ಷಿಕೋತ್ಸವದ ದಿನ ಏಳರ ಹೊತ್ತಿಗೆ ಗೋಲ್ ದರ್ವಾಜಾದಲ್ಲಿ ಇಬ್ಬರೂ ಸಿಹಿಯಿಂದ ಆರಂಭಿಸಿ, ನಡೆದುಕೊಂಡು ಅತ್ತ ತುದಿಗೆ ಹೋದರೆ ಯಜಮಾನರಿಗೆ ನಿಹಾರಿ ಕಾದಿರುತ್ತದೆ. ಹಗಲು ಎಂಬ ಅರ್ಥದ ಅರಬ್ಬಿಯ ನಹಾರ್ ಪದದಿಂದ ಬಂದ ಹೆಸರಿದು. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಮಾಂಸದ ಸಾರನ್ನು ಪದರು ಪದರಾದ ಕುಲ್ಚಾದೊಡನೆ ತಿನ್ನುತ್ತಾರೆ. ರಹೀಮ್ಸ್ ಇದಕ್ಕೇ ಹೆಸರಾದ ಅಂಗಡಿ. ಅಲ್ಲಿ ನಿಮಗೆ ಮುಟ್ಟುವಂಥದ್ದು ಇರುವುದಿಲ್ಲ, ಜಾಗವೂ ಕಿರಿದು. ಅವರು ತಿಂದು ಬರುವಷ್ಟು ಹೊತ್ತು ಅತ್ತರಿನ ಅಂಗಡಿಯವರು ನಿಮ್ಮ ಮುಂಗೈಗೆ ಒಂದೊಂದೇ ಹನಿ ಹಚ್ಚಿ ತೋರಿಸುತ್ತಾ ಕೂರಿಸಿಕೊಂಡಿರುತ್ತಾರೆ.

ಯಜಮಾನರಿಗೆ ಎರಡು ಮಾತು ಹೇಳಿಡಿ. ಚೌಕ್‌ನ ಹಲವು ಅಂಗಡಿಗಳಲ್ಲಿ ‘ಬಡೇ ಕಾ’ ಎಂದರೆ ಎಮ್ಮೆಯ ಮಾಂಸ, ‘ಛೋಟೇ ಕಾ’ ಎಂದರೆ ಕುರಿ-ಮೇಕೆಯದು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಕೂರುವ ಮೊದಲೇ ಕೇಳಿಕೊಳ್ಳುವುದು ಲೇಸು, ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಕೈ ಇಲ್ಲದಿದ್ದ ಹಾಜಿ ಮುರಾದ್ ಅಲಿಯವರಿಂದಾಗಿ ಟುಂಡೇ ಎಂಬ ಹೆಸರು ಪಡೆದ, 1905ರಿಂದ ನಡೆದುಬಂದಿರುವ ಕಬಾಬಿನ ಅಂಗಡಿಗೂ ಈ ಎಚ್ಚರ ಅನ್ವಯಿಸುತ್ತದೆ: ಚೌಕ್‌ನ ಮೂಲ ಅಂಗಡಿಗೆ ‘ಬಡೇ ಕಾ’ ಕಬಾಬಿನದೇ ಹೆಸರು, ಅಮೀನಾಬಾದಿನ ಶಾಖೆಯಲ್ಲಿ ಮಟನ್ ಸಿಗುತ್ತದೆ. ಎರಡನೆಯದು ಬಿರಿಯಾನಿಯ ವಿಷಯ. ನಮ್ಮ ದೊನ್ನೆ ಬಿರಿಯಾನಿಯ ಹಸಿರು ಮಸಾಲೆಯ ಖಾರಕ್ಕೆ ಒಗ್ಗಿದ ನಾಲಿಗೆಗೆ ಲಖನೌದ್ದು ಮೊದಲ ನಾಲ್ಕು ತುತ್ತು ಸಪ್ಪೆ ಎನಿಸುತ್ತದೆ. ಖಾರವನ್ನು ಹುಡುಕುವುದು ಬಿಟ್ಟು ಅಕ್ಕಿಯನ್ನು ಮೂಸಿ ನೋಡಿದರೆ ಮಾಂಸದ ಕಟ್ಟೂ ಕೇವಡೆಯ (ನಮ್ಮ ಕೇದಗೆ) ನೀರೂ ಅದರೊಳಗೆ ಹೊಕ್ಕಿರುವುದು ಗೊತ್ತಾಗುತ್ತದೆ. ಉಪ್ಪಿನಕಾಯಿ ಕೇಳದಂತೆ ಅವರನ್ನು ತಡೆಯುವ ಜವಾಬ್ದಾರಿ ನಿಮ್ಮದು.

ಇನ್ನು ನಿಮ್ಮ ಪಾಲು. ಮೊಸರನ್ನದ ಚಿಂತೆ ಖಂಡಿತ ಬೇಡ. ಲಖನೌದ ಬೀದಿ ತಿಂಡಿಯಲ್ಲಿ ಸಸ್ಯಾಹಾರದ್ದೇ ಒಂದು ಪ್ರತ್ಯೇಕ ಲೋಕವಿದೆ, ಹೊರಗೆ ಹೋದ ಕಬಾಬಿನ ಕೀರ್ತಿಯ ನೆರಳಿನಲ್ಲಿ ಅದು ಕಾಣದೆ ಹೋಗಿದೆ ಅಷ್ಟೆ. ಲಾಲ್‌ಬಾಗಿನಲ್ಲಿ ಶರ್ಮಾ ಅವರ ಚಹಾ ಅಂಗಡಿಗೆ ಹೋಗಿ ಬನ್-ಮಕ್ಖನ್ ಹಾಗೂ ದುಂಡನೆಯ ಸಮೋಸ ತೆಗೆದುಕೊಳ್ಳಿ; ಬನ್ನಿನೊಳಗಿನ ಬಿಳಿ ಬೆಣ್ಣೆಯನ್ನು ನಿಮ್ಮೂರಿನ ಬೆಣ್ಣೆಯೊಡನೆ ಹೋಲಿಸಿ ತೀರ್ಪು ಕೊಡುವ ಅಧಿಕಾರ ನಿಮಗಿದೆ. ಅಮೀನಾಬಾದಿನಲ್ಲಿ ಪೂರಿ-ಕಚೋರಿ, ಹಜರತ್‌ಗಂಜಿನ ರಾಯಲ್ ಕೆಫೆಯಲ್ಲಿ ಆಲೂಗಡ್ಡೆಯ ಎಳೆಗಳನ್ನು ಬುಟ್ಟಿಯಂತೆ ಕರಿದು ತುಂಬಿಕೊಡುವ ಚಾಟ್; ಈ ಬುಟ್ಟಿ ಒಬ್ಬರಿಗೆ ಹೆಚ್ಚಾಗುತ್ತದೆ, ಒಂದನ್ನೇ ಹಂಚಿಕೊಳ್ಳಿ. ಡಿಸೆಂಬರಿನಲ್ಲಿ ಹಸಿ ಬಟಾಣಿ ಹೊಸದಾಗಿ ಬಂದಿರುತ್ತದೆ, ಕಪ್ಪು ಗಜ್ಜರಿಯ ಹಲ್ವಾವೂ ಶುರುವಾಗಿರುತ್ತದೆ. ಕೆಂಪು ಗಜ್ಜರಿಯ ಹಲ್ವಾ ನಮಗೆ ಎಲ್ಲ ಮದುವೆ ಮನೆಗಳಲ್ಲೂ ಸಿಗುತ್ತದೆ. ಈ ನೇರಳೆಗಪ್ಪು ಹಲ್ವಾ ಸ್ವಲ್ಪ ಮಣ್ಣಿನ ವಾಸನೆಯದು, ಅಷ್ಟು ಸಿಹಿಯಲ್ಲದ್ದು, ತುಟಿಗೆ ಬಣ್ಣ ಹತ್ತಿಸುವಂಥದ್ದು. 1805ರಿಂದ ಇರುವ ರಾಮ್ ಆಸ್ರೇ ಮಿಠಾಯಿ ಅಂಗಡಿಯಲ್ಲಿ ಮಲಾಯಿ ಗಿಲೋರಿ ಕೇಳಿ. ಹಾಲಿನ ಕೆನೆಯ ತೆಳು ಹಾಳೆಯನ್ನು ವೀಳ್ಯದ ಎಲೆಯಂತೆ ಮಡಚಿ, ಒಳಗೆ ಕಲ್ಲುಸಕ್ಕರೆ, ಬೀಜಗಳನ್ನು ಇಟ್ಟಿರುತ್ತಾರೆ. ಸಂಜೆ ಚೌಕ್‌ಗೆ ಮತ್ತೆ ಹೋದರೆ ಗುಲಾಬಿ ಬಣ್ಣದ ಕಾಶ್ಮೀರಿ ಚಹಾ ಸಿಗುತ್ತದೆ. ಕೇಸರಿ ಹಾಲು ಸವರಿ ಬೇಯಿಸಿದ ಶೀರ್‌ಮಾಲ್ ರೊಟ್ಟಿಯನ್ನೂ ರುಚಿ ನೋಡಬಹುದು, ಆದರೆ ಮೊಟ್ಟೆ ಹಾಕಿಲ್ಲವೆಂದು ಕೇಳಿ ಖಾತರಿಪಡಿಸಿಕೊಳ್ಳಿ.

ದೊಡ್ಡ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆಂದು ತರಕಾರಿಯ ಗಲೌಟಿ ಕಬಾಬ್ ಕೊಡುತ್ತಾರೆ. ಮಾಂಸದ ಗಲೌಟಿ ಬಾಯಲ್ಲಿ ಕರಗುವುದು ನುಣ್ಣಗೆ ಅರೆದ ಖೀಮಾಕ್ಕೆ ಹಸಿ ಪಪ್ಪಾಯಿ ಸೇರಿಸಿ ನೆನೆಸುವುದರಿಂದ. ಪಪ್ಪಾಯಿಯ ರಸ ಮಾಂಸದ ಎಳೆಗಳನ್ನು ಸಡಿಲಿಸುತ್ತದೆ. ತರಕಾರಿಯಲ್ಲಿ ಸಡಿಲಿಸಬೇಕಾದ ಎಳೆಯೇ ಇಲ್ಲದ ಕಾರಣ ನಾನು ತಿಂದವುಗಳಲ್ಲಿ ಬಹುಪಾಲು ಮಸಾಲೆ ಹಾಕಿದ ಬೇಳೆಯ ಮುದ್ದೆಯಾಗಿದ್ದವು. ಹಣ ಕೊಟ್ಟು ನಕಲು ತಿನ್ನುವ ಬದಲು ಆ ರಾತ್ರಿ ಹಗುರವಾಗಿ ದಾಲ್-ರೋಟಿ ತಿಂದು ಬೇಗ ಮಲಗಿದರೆ ಮರುದಿನವೂ ಆರಕ್ಕೆ ಏಳಬಹುದು.

ಊರು ಸೇರುವ ಬಗೆಗೆ ಒಂದು ಎಚ್ಚರಿಕೆ. ಉತ್ತರದ ಬಯಲಿನಲ್ಲಿ ಡಿಸೆಂಬರ್ ಕಳೆದಂತೆ ಮಂಜು ದಟ್ಟವಾಗುತ್ತದೆ. ನಸುಕಿನಲ್ಲಿ ಇಳಿಯುವ ವಿಮಾನಗಳೂ ರಾತ್ರಿ ಓಡುವ ರೈಲುಗಳೂ ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಬೆಂಗಳೂರಿನಿಂದ ಮಧ್ಯಾಹ್ನ ಇಳಿಯುವ ನೇರ ವಿಮಾನವನ್ನು ಆರಿಸಿ, ವಾರ್ಷಿಕೋತ್ಸವದ ಹಿಂದಿನ ದಿನವೇ ಅಲ್ಲಿರಿ. ವಿಮಾನ ನಿಲ್ದಾಣದಿಂದ ಹಜರತ್‌ಗಂಜಿಗೆ ಮೆಟ್ರೊ ನೇರವಾಗಿ ಬರುತ್ತದೆ, ಅಲ್ಲೇ ಕೋಣೆ ಮಾಡಿ. ಚೌಕ್‌ಗೆ ಆಟೋ ಅಥವಾ ಇ-ರಿಕ್ಷಾ ಹಿಡಿಯಿರಿ. ಬೆಳಗಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದರಿಂದ ಕಿವಿ ಮುಚ್ಚುವ ಟೋಪಿ ಕಡ್ಡಾಯ. ರೇಷ್ಮೆ ಸೀರೆಯನ್ನು ಉಡಲೇಬೇಕೆಂದಿದ್ದರೆ ಮೇಲೊಂದು ದಪ್ಪ ಶಾಲು ಇರಲಿ, ಕಾಲಿಗೆ ಮಾತ್ರ ಷೂ.

ತಿಂಡಿಗಳ ನಡುವೆ ನಡೆದಾಡಲು ಬಡಾ ಇಮಾಮ್‌ಬಾಡಾ ಚೌಕ್‌ಗೆ ಹತ್ತಿರವೇ ಇದೆ. 1784ರ ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು ನವಾಬ ಆಸಫ್-ಉದ್-ದೌಲಾ ಕಟ್ಟಲು ತೊಡಗಿದ ಕಟ್ಟಡವಿದು. ಸುಮಾರು 50 ಮೀಟರ್ ಉದ್ದದ ನಡುಮನೆಗೆ ಒಂದೇ ಒಂದು ತೊಲೆಯಿಲ್ಲ. ಕೂಲಿಯವರಿಗಾಗಿ ದೊಡ್ಡ ಹಂಡೆಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ ಬಾಯಿಗೆ ಹಿಟ್ಟು ಮೆತ್ತಿ ಬೇಯಿಸುತ್ತಿದ್ದಾಗ ಅದರ ಘಮಕ್ಕೆ ನವಾಬ ಮನಸೋತು, ದಮ್ ಅಡುಗೆ ಅರಮನೆಗೆ ಏರಿತೆಂಬ ಕಥೆಯನ್ನು ಮಾರ್ಗದರ್ಶಿಗಳು ಹೇಳುತ್ತಾರೆ. ಕಥೆಯೆಂದೇ ಕೇಳಿ. ಮೇಲಿನ ಭೂಲ್ ಭುಲೈಯಾ ಎಂಬ ದಾರಿ ತಪ್ಪಿಸುವ ಓಣಿಗಳ ಜಾಲದ ಮೆಟ್ಟಿಲುಗಳನ್ನು ಹತ್ತಿ ಇಳಿದರೆ ಬೆಳಗಿನ ಕುಲ್ಚಾ ಅರಗುವುದಂತೂ ದಿಟ.

ಪ್ರಶ್ನೆ: ಜನವರಿಯಲ್ಲಿ ನಮ್ಮ ಮೊದಲ ವಾರ್ಷಿಕೋತ್ಸವ. ವಾರಾಣಸಿಯ ಮಲೈಯೋ ಕೂಡ ಲಖನೌದ ಮಕ್ಖನ್ ಮಲಾಯಿಯ ಬಗೆಯದೇ ತಿನಿಸೆಂದು ಕೇಳಿದ್ದೇವೆ. ನಾಲ್ಕು ದಿನದಲ್ಲಿ ಲಖನೌ, ವಾರಾಣಸಿ ಎರಡನ್ನೂ ಮುಗಿಸಬಹುದೇ?
— ಯುವ ದಂಪತಿ, ಉಡುಪಿ

ಉತ್ತರ: ಜನವರಿಯಲ್ಲಿ ಬೇಡ. ಎರಡು ಊರುಗಳ ನಡುವೆ ಸುಮಾರು 300 ಕಿಲೋಮೀಟರ್ ಇದೆ. ಮಂಜು ಕವಿದ ದಿನ ಆ ದಾರಿ ನಿಮ್ಮ ಒಂದು ಬೆಳಗನ್ನು ನುಂಗುತ್ತದೆ, ಈ ತಿನಿಸಿಗೆ ಇರುವುದೇ ಬೆಳಗು. ನೀವು ಕೇಳಿದ್ದು ಸರಿ, ಎರಡೂ ಒಂದೇ ಕುಲದವು, ದೆಹಲಿಯ ದೌಲತ್ ಕೀ ಚಾಟ್ ಕೂಡ ಇವುಗಳ ತಂಗಿಯೇ. ಆದ್ದರಿಂದ ಒಂದನ್ನು ಆರಿಸಿ. ಇಬ್ಬರೂ ಸಸ್ಯಾಹಾರಿಗಳಾಗಿದ್ದರೆ ನನ್ನ ಮತ ವಾರಾಣಸಿಗೆ. ಅಲ್ಲಿ ಚೌಖಂಬಾ ಕಡೆಯ ಗಲ್ಲಿಗಳಲ್ಲಿ ಮಲೈಯೋವನ್ನು ಮಣ್ಣಿನ ಕುಲ್ಹಡ್‌ನಲ್ಲಿ ಕೊಡುತ್ತಾರೆ. ನೊರೆ ಮುಗಿಯಿತೆಂದು ಕುಲ್ಹಡ್ ಎಸೆದುಬಿಡಬೇಡಿ. ಮಾರುವವರ ಮುಂದೆ ಮತ್ತೆ ಚಾಚಿದರೆ ಅದರೊಳಗೆ ಸ್ವಲ್ಪ ಕೇಸರಿ ಹಾಲು ಸುರಿಯುತ್ತಾರೆ, ಅದಕ್ಕೆ ಬೇರೆ ಹಣ ಕೇಳುವ ರೂಢಿಯಿಲ್ಲ.