ಕೈಯಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ

ಪ್ರಶ್ನೆ: ಅಂಗಡಿಯ ಲೆಕ್ಕದ ಫೋಲ್ಡರ್ ದಿನಾ ರಾತ್ರಿ 2.30ಕ್ಕೆ ಬ್ಯಾಕಪ್ ಆಗಲೆಂದು ಉಬುಂಟು ಕ್ರಾನ್‌ಟ್ಯಾಬ್‌ನಲ್ಲಿ (ಹೇಳಿದ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ) 30 2 * * * ಎಂದು ಬರೆದು, ಮುಂದೆ ಫೈಲುಗಳನ್ನು ಒಂದಾಗಿ ಕಟ್ಟುವ ಟಾರ್ ಕಮಾಂಡ್ ಕೊಟ್ಟಿದ್ದೇನೆ. ಫೈಲಿನ ಹೆಸರಿನಲ್ಲಿ ಆ ದಿನದ ತಾರೀಖು ಬರುವಂತೆ ಡೇಟ್ ಕಮಾಂಡ್ ಸೇರಿಸಿದ್ದೇನೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡುತ್ತದೆ. ಬೆಳಿಗ್ಗೆ ನೋಡಿದರೆ ಫೈಲೇ ಇರುವುದಿಲ್ಲ.

ಉತ್ತರ: ಕೆಡಿಸಿದ್ದು ಡೇಟ್ ಕಮಾಂಡಿನಲ್ಲಿ ತಾರೀಖಿನ ರೂಪ ಹೇಳಲು ಬರೆಯುವ % ಚಿಹ್ನೆ. ಕ್ರಾನ್ ಮೊದಲ % ಕಂಡಲ್ಲಿಗೆ ಕಮಾಂಡ್ ಮುಗಿಯಿತೆಂದು ತಿಳಿದು, ಉಳಿದದ್ದನ್ನು ಅದಕ್ಕೆ ಇನ್‌ಪುಟ್ ಆಗಿ ಕೊಡುತ್ತದೆ. ಪ್ರತಿ % ಎಡಕ್ಕೆ \ ಹಾಕಿದರೆ ಸರಿಹೋಗುತ್ತದೆ. ಆದರೆ ಇಡೀ ಕಮಾಂಡನ್ನು ಒಂದು ಸ್ಕ್ರಿಪ್ಟ್‌ನಲ್ಲಿ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲು) ಬರೆದು, ಕ್ರಾನ್‌ಟ್ಯಾಬ್‌ನಲ್ಲಿ ಸ್ಕ್ರಿಪ್ಟಿನ ಪೂರ್ತಿ ಪಾತ್ (ಅದು ಇರುವ ಜಾಗ) ಮಾತ್ರ ಕೊಡುವುದೇ ಲೇಸು. ಸ್ಕ್ರಿಪ್ಟ್‌ನೊಳಗಿನ % ತಂಟೆಗೆ ಕ್ರಾನ್ ಬರುವುದಿಲ್ಲ. ಸ್ಕ್ರಿಪ್ಟಿಗೆ ಓಡುವ ಅನುಮತಿ ಕೊಡಲು ಮರೆಯಬೇಡಿ.

ನಿಮ್ಮ ಟರ್ಮಿನಲ್‌ನ ಸೆಟಿಂಗ್‌ಗಳು ಕ್ರಾನ್‌ಗೆ ಗೊತ್ತಿಲ್ಲ. ಬ್ಯಾಶ್ ಬದಲು ಸಾದಾ ಶೆಲ್‌ನಲ್ಲಿ, ಅದೂ ನಿಮ್ಮ ಹೋಮ್ ಫೋಲ್ಡರ್‌ನಿಂದ, ಸಾಲನ್ನು ಓಡಿಸುತ್ತದೆ. ಹಾಗಾಗಿ ಸ್ಕ್ರಿಪ್ಟ್‌ನೊಳಗೂ ಎಲ್ಲ ಫೈಲುಗಳಿಗೆ / ಇಂದ ಶುರುವಾಗುವ ಪಾತ್ ಕೊಡಿ. ಸಾಲಿನ ತುದಿಗೆ >> ಹಾಕಿ ಲಾಗ್ ಫೈಲಿನ ಪಾತ್, ಆಮೇಲೆ 2>&1 ಬರೆಯಿರಿ. ಇಷ್ಟಿದ್ದರೆ ಎರರ್ ಸಂದೇಶವೂ ಲಾಗ್ ಫೈಲಿಗೆ ಬರುತ್ತದೆ, ಏನೆಂದು ಊಹಿಸುತ್ತ ಕೂರಬೇಕಿಲ್ಲ. ಪರೀಕ್ಷೆಗೆ ರಾತ್ರಿವರೆಗೆ ಕಾಯುವುದೇಕೆ? ಸಮಯವನ್ನು ಈಗಿನಿಂದ ಎರಡು ನಿಮಿಷ ಮುಂದಕ್ಕೆ ಇಟ್ಟು ನೋಡಿ.

ಎಚ್ಚರಿಕೆ: ಕ್ರಾನ್‌ಟ್ಯಾಬ್ ಕಮಾಂಡಿನ ಮುಂದೆ, ಪಟ್ಟಿ ತಿದ್ದಲು -ಇ (-e), ಅಳಿಸಲು -ಆರ್ (-r). ಕೀಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ. -ಆರ್ ಒತ್ತಿದರೆ ಕೇಳದೆಯೇ ಎಲ್ಲ ಸಾಲುಗಳೂ ಹೋಗುತ್ತವೆ. ಮೊದಲು ಸಾಲುಗಳನ್ನು ತೋರಿಸುವ -ಎಲ್ (-l) ಕೊಟ್ಟು ಒಂದು ನಕಲು ಇಟ್ಟುಕೊಳ್ಳಿ.

ಪ್ರಶ್ನೆ: ರಾತ್ರಿ ಲ್ಯಾಪ್‌ಟಾಪ್ ಆಫ್ ಆಗಿರುತ್ತದೆ. ತಪ್ಪಿದ ಕೆಲಸ ಬೆಳಿಗ್ಗೆ ಓಡುವಂತೆ ಮಾಡಬಹುದೇ?

ಉತ್ತರ: ಕ್ರಾನ್‌ನಿಂದ ಆಗದು, ತಪ್ಪಿದ್ದು ತಪ್ಪಿದ್ದೇ. ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್ ಬಳಸಿ. ಎರಡು ಫೈಲು ಬೇಕು: ಏನು ಓಡಬೇಕೆಂದು ಹೇಳುವ ಸರ್ವಿಸ್, ಯಾವಾಗ ಎಂದು ಹೇಳುವ ಟೈಮರ್. ಟೈಮರ್‌ನಲ್ಲಿ ‘ಆನ್‌ಕ್ಯಾಲೆಂಡರ್’ ಎದುರು 02:30, ‘ಪರ್ಸಿಸ್ಟೆಂಟ್’ ಎದುರು ಟ್ರೂ ಎಂದಿರಲಿ. ಯಂತ್ರ ಶುರುವಾದಾಗ ಬಾಕಿ ಕೆಲಸ ಓಡುತ್ತದೆ. ಎಷ್ಟು ರಾತ್ರಿ ತಪ್ಪಿದ್ದರೂ ಓಡುವುದು ಒಂದೇ ಸಲ. ಸಿಸ್ಟಮ್‌ಡಿಗೆ ಆದೇಶ ಕೊಡುವ ಸಿಸ್ಟಮ್‌ಸಿಟಿಎಲ್ ಕಮಾಂಡಿನಿಂದ ‘ಎನೇಬಲ್ --ನೌ’ (ಈಗಲೇ ಚಾಲೂ) ಮಾಡಬೇಕಾದ್ದು ಟೈಮರನ್ನು, ಸರ್ವಿಸನ್ನಲ್ಲ. ಎಡವುವುದು ಹೆಚ್ಚಾಗಿ ಇಲ್ಲೇ. ಮುಂದಿನ ಸರದಿ ಯಾವಾಗ ಎಂಬುದನ್ನು ಸಿಸ್ಟಮ್‌ಸಿಟಿಎಲ್‌ನ ‘ಲಿಸ್ಟ್-ಟೈಮರ್ಸ್’ ತೋರಿಸುತ್ತದೆ.

ಪ್ರಶ್ನೆ: ಬಾಡಿಗೆ ಸರ್ವರ್‌ನಲ್ಲಿ 2.30ರ ಕೆಲಸ ಬೆಳಿಗ್ಗೆ 8ಕ್ಕೆ ಓಡುತ್ತಿದೆ, ಏಕೆ?

ಉತ್ತರ: ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ), ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. 0 21 * * * ಎಂದು ಬರೆಯಿರಿ. ವಾರಕ್ಕೊಮ್ಮೆಯ ಕೆಲಸವಾದರೆ ವಾರವೂ ಒಂದು ದಿನ ಹಿಂದಕ್ಕೆ ಸರಿಯಬೇಕು: ನಮ್ಮ ಸೋಮವಾರ ನಸುಕಿಗೆ ಅಲ್ಲಿ ಭಾನುವಾರ, ಅಂದರೆ ಕೊನೆಯ * ಜಾಗದಲ್ಲಿ 0.