ಮೊದಲ ಸಭೆಗೆ ಹೋಗುವ ಮುನ್ನ
ಮಾನ್ಯರೇ, ಕುಡಿತ ಬಿಡಲು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆಗೆ ಹೋಗಬೇಕೆಂದಿರುವ ತಾವು, ಅಲ್ಲಿ ಎಲ್ಲರೆದುರು ಮಾತನಾಡಲೇಬೇಕೇ, ಪರಿಚಿತರು ಕಂಡರೆ ಏನು ಮಾಡುವುದು ಎಂದು ಕೇಳಿದ್ದೀರಿ.

ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ನಾನು ಮೊದಲ ಸಲ ಹೋದಾಗ ಶಾಲೆಯೊಂದರ ಕೊಠಡಿಯಲ್ಲಿ, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು, ಚಹಾದ ಲೋಟ ನಡುಗದಂತೆ ಎರಡೂ ಕೈಗಳಲ್ಲಿ ಹಿಡಿದು, ಒಂದು ಮಾತೂ ಆಡದೆ ಕುಳಿತಿದ್ದೆ. ಯಾರೂ ಏನನ್ನೂ ಕೇಳಲಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಆರಂಭವಾದ ಈ ಕೂಟದ ಸದಸ್ಯತ್ವಕ್ಕೆ ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸಾಕು. ಶುಲ್ಕವಿಲ್ಲ, ಪೂರ್ಣ ಹೆಸರನ್ನೂ ಹೇಳಬೇಕಾಗಿಲ್ಲ. ಪರಿಚಿತರು ಸಿಕ್ಕರೆ ಅವರೂ ತಮ್ಮಂತೆಯೇ ಬಂದವರೆಂದು ತಿಳಿಯಿರಿ. ಅಷ್ಟಾದರೂ ಅಳುಕಿದ್ದರೆ ಪಕ್ಕದ ಊರಿನ ಸಭೆಗೆ ಹೋಗಬಹುದು. ಮನೆಯವರನ್ನು ಕರೆದೊಯ್ಯುವುದಾದರೆ, ಅದು ಎಲ್ಲರಿಗೂ ತೆರೆದ ಸಭೆಯೇ ಎಂದು ಮೊದಲೇ ವಿಚಾರಿಸಿ. ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಇದೆ.

ಆದರೆ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗುತ್ತದೆ ಎಂದು ತಾವೇ ಬರೆದಿದ್ದೀರಿ. ಇಂಥ ಸ್ಥಿತಿಯಲ್ಲಿ ಕುಡಿತವನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ, ಬೆಂಗಳೂರು ಹತ್ತಿರವಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವನ್ನೋ ಕಾಣಿರಿ. ಸಮೀಪದ ಸಭೆ ಎಲ್ಲಿ, ಯಾವ ದಿನ ನಡೆಯುತ್ತದೆಂಬುದನ್ನೂ ಅಲ್ಲಿಯೇ ವಿಚಾರಿಸಬಹುದು. ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446. ಮನಸ್ಸು ಕುಸಿದಾಗ ಕನ್ನಡದಲ್ಲಿಯೇ ಮಾತನಾಡಲು ಟೆಲಿ ಮಾನಸ್ 14416 ಇದೆ.

ಮೊದಲ ಸಭೆ ಹಿಡಿಸದಿದ್ದರೆ ದಯವಿಟ್ಟು ಅಲ್ಲಿಗೇ ಬಿಡಬೇಡಿ. ನನಗೆ ಮೂರನೆಯ ಸಭೆಯಲ್ಲಿ ಬಾಯಿ ಬಂತು.