ಬಿಟ್ಟು ಬರೋಕೆ ಎಷ್ಟು ಖರ್ಚು ಅಂತ ಕೇಳಿ

ಸಕಲೇಶಪುರದ ಕಡೆಯ ಓದುಗರೊಬ್ಬರು ಬರೆದ ಪತ್ರದ ಒಂದು ಭಾಗ: "ಹೋದ ಸಂಚಿಕೇಲಿ ವಿದೇಶದ ನರ್ಸ್‌ಗಳ ಕಷ್ಟದ ಬಗ್ಗೆ ನೀವು ಹಾಕಿದ ಲೇಖನ ಓದಿ ನಮ್ಮನೇಲಿ ಜಗಳಾನೇ ಆಯ್ತು. ಮಗಳು ಬಿಎಸ್ಸಿ ನರ್ಸಿಂಗ್ ಮಾಡಿ ನಾಲ್ಕು ವರ್ಷದಿಂದ ಬೆಂಗಳೂರಿನ ಒಂದು ದೊಡ್ಡ ಪ್ರೈವೇಟ್ ಆಸ್ಪತ್ರೆ ಐಸಿಯುನಲ್ಲಿದಾಳೆ, ಕೈಗೆ ಬರೋದು 22 ಸಾವಿರ. ಒಂದು ಏಜೆನ್ಸಿಯೋರು ಯುಕೆಗೆ ಕಳಿಸ್ತೀವಿ ಅಂತ ಮೂರು ಲಕ್ಷ ಕೇಳ್ತಿದಾರೆ, ಕಾಂಟ್ರ್ಯಾಕ್ಟ್ ಆಮೇಲೆ ಬರುತ್ತಂತೆ. ಕಾಫಿ ಮಾರಿದ ದುಡ್ಡು ಕೈಲಿದೆ. ಕಳಿಸ್ಲೋ ಬೇಡ್ವೋ? ಹೆದರ್ಸೋದು ಸುಲಭ ಸ್ವಾಮಿ, ದಾರಿ ಹೇಳೋದು ಕಷ್ಟ."

ನಿಮ್ಮ ಕೊನೇ ಸಾಲು ಚುಚ್ತು ಸರ್. ಒಪ್ಕೋತೀನಿ, ಆ ಲೇಖನದಲ್ಲಿ ಅಳು ಜಾಸ್ತಿ ಇತ್ತು, ವಿಷಯ ಕಮ್ಮಿ ಇತ್ತು. ಹೋಗ್ಬೇಡಿ ಅನ್ನೋ ಅಭಿಪ್ರಾಯ ನಂದಲ್ಲ. 22 ಸಾವಿರಕ್ಕೆ ಐಸಿಯು ನೈಟ್ ಡ್ಯೂಟಿ ಮಾಡೋ ಹುಡುಗಿಗೆ ದೇಶ ಬಿಡ್ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿ 2016ರಲ್ಲೇ ಹೇಳಿತ್ತು, 200 ಬೆಡ್‌ಗಿಂತ ದೊಡ್ಡ ಪ್ರೈವೇಟ್ ಆಸ್ಪತ್ರೆ ಅಂದ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50 ಬೆಡ್‌ಗಿಂತ ಚಿಕ್ಕದಾದ್ರೂ 20 ಸಾವಿರಕ್ಕೆ ಕಮ್ಮಿ ಇರ್ಬಾರ್ದು ಅಂತ. ಹತ್ತು ವರ್ಷದ ಹಿಂದೆ ಚಿಕ್ಕ ನರ್ಸಿಂಗ್ ಹೋಮ್‌ಗೆ ಹೇಳಿದ ಲೆಕ್ಕ ಇವತ್ತು ದೊಡ್ಡ ಆಸ್ಪತ್ರೇಲಿ ಸಿಗ್ತಿದೆ ಅಂದ್ರೆ ಇನ್ನೇನು ಹೇಳೋದು.

ಆದ್ರೆ ನೀವು, ನಿಮ್ಮನೆಯೋರು, ಏಜೆನ್ಸಿ ಎಲ್ರೂ ಮಾತಾಡ್ತಿರೋದು ಸಂಬಳ ಎಷ್ಟು ಅಂತ ಮಾತ್ರ. ನಾನಾದ್ರೆ ಮೊದಲು ಕೇಳೋದು ಒಂದೇ, ಅಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ಬಿಟ್ಟು ಬರೋಕೆ ಎಷ್ಟಾಗುತ್ತೆ? ನರ್ಸ್ ಕೆಲಸದ ಸ್ಥಿತಿ ಹೇಗಿದೆ ಅನ್ನೋದು ಆ ಉತ್ತರದಲ್ಲೇ ಇರುತ್ತೆ. ಯಾಕಂದ್ರೆ ಬಿಟ್ಟು ಹೋಗ್ತಾಳೆ ಅನ್ನೋ ಭಯ ಇರೋ ಕಡೆ ಡ್ಯೂಟಿ ರೋಸ್ಟರ್ ನೆಟ್ಟಗಿರುತ್ತೆ, ಎಲ್ಲೂ ಹೋಗೋಕಾಗಲ್ಲ ಅಂತ ಗೊತ್ತಿರೋ ಕಡೆ ನಾಲ್ಕು ನೈಟ್ ಐದಾಗುತ್ತೆ, ಐದು ಆರಾಗುತ್ತೆ. ಇದಕ್ಕೆ ವಿದೇಶಕ್ಕೇ ಹೋಗ್ಬೇಕಾಗಿಲ್ಲ, ನನ್ನ ಅಕ್ಕನ ಮಗಳ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಒಂದು ಆಸ್ಪತ್ರೆಯೋರು ಎರಡು ವರ್ಷ ಎಚ್‌ಆರ್ ಬೀರುವಿನಲ್ಲಿ ಇಟ್ಕೊಂಡಿದ್ರು, ಇಷ್ಟು ವರ್ಷ ಕೆಲಸ ಬಿಡಲ್ಲ ಅನ್ನೋ ಬಾಂಡ್ ಅಂತೆ! ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಬಾಂಡ್ ಕೂಡದು ಅಂದ್ರೂ ನಡೀತಾನೇ ಇತ್ತು.

2014ರ ಇರಾಕ್ ನೆನಪಿದ್ಯಾ? ತಿಕ್ರಿತ್ ಊರಿನ ಆಸ್ಪತ್ರೇಲಿ 46 ಜನ ನಮ್ಮ ನರ್ಸ್‌ಗಳು ಸಿಕ್ಕಾಕೊಂಡಿದ್ರು, ಹೆಚ್ಚಿನೋರು ಕೇರಳದೋರು, ಜುಲೈನಲ್ಲಿ ವಿಮಾನದಲ್ಲಿ ಕೊಚ್ಚಿಗೆ ವಾಪಸ್ ಬಂದ್ರು, ಟಿವಿಯಲ್ಲಿ ಎಲ್ಲಾ ನೋಡಿದ್ವಿ. ಆಗ ಟಿವಿ ಮುಂದೆ ಕೂತು ನಾನೂ ಅಂದಿದ್ದೆ, ಗುಂಡು ಹಾರ್ತಿರೋ ಊರಲ್ಲಿ ಅಷ್ಟು ದಿನ ಯಾಕಿದ್ರಪ್ಪ ಅಂತ. ಆಮೇಲೆ ಓದಿದಾಗ ಅರ್ಥ ಆಯ್ತು, ಎಷ್ಟೋ ಜನರಿಗೆ ತಿಂಗಳುಗಟ್ಲೆ ಸಂಬಳ ಬಂದಿರ್ಲಿಲ್ಲ, ಊರಲ್ಲಿ ಓದೋಕೆ ಮತ್ತೆ ಏಜೆಂಟ್‌ಗೆ ಕೊಡೋಕೆ ಮಾಡಿದ ಸಾಲ ಬಾಯಿ ತೆರ್ಕೊಂಡು ಕೂತಿತ್ತು, ಬರಿಗೈಲಿ ಹೇಗೆ ಬರೋದು? ಮಾರನೇ ವರ್ಷ ಕೊಚ್ಚಿಯಲ್ಲಿ ಸಿಬಿಐ ಒಂದು ಕೇಸ್ ಹಾಕ್ತು, ಕುವೈತ್‌ಗೆ ನರ್ಸ್‌ಗಳನ್ನ ಕಳ್ಸೋಕೆ 19,500 ರೂಪಾಯಿ ತಗೋಬೇಕಾದ ಕಡೆ 19.5 ಲಕ್ಷ ತಗೊಂಡ್ರು ಅನ್ನೋ ಆರೋಪ. ಸೊನ್ನೆ ಎಣಿಸಿ ನೋಡಿ. ಆ ವರ್ಷವೇ ಗಲ್ಫ್ ಸೇರಿ 18 ದೇಶಕ್ಕೆ ಹೋಗೋ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದ್ರೆ ಕೆಲಸಕ್ಕೆ ಹೋಗೋಕೆ ಮುಂಚೆ ನಮ್ಮ ಸರ್ಕಾರದ ಅನುಮತಿ, ಕಡ್ಡಾಯ ಆಯ್ತು.

ಯುಕೆ ಆ 18ರಲ್ಲಿಲ್ಲ. ಹಂಗಂತ ಅಲ್ಲಿ ಹಗ್ಗ ಇಲ್ಲ ಅಂತಲ್ಲ, ಸ್ವಲ್ಪ ನಯವಾದ ಹಗ್ಗ ಅಷ್ಟೇ. ಒಂದು, ವೀಸಾ ಕೆಲಸ ಕೊಟ್ಟೋರಿಗೆ ಅಂಟ್ಕೊಂಡಿರುತ್ತೆ. ಕೆಲಸ ಹೋಯ್ತು, ಸ್ಪಾನ್ಸರ್‌ಶಿಪ್ ನಿಂತೋಯ್ತು ಅಂದ್ರೆ ಸಾಮಾನ್ಯವಾಗಿ 60 ದಿನ ಟೈಮ್, ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ ಹುಡುಕ್ಬೇಕು ಇಲ್ಲಾ ಗಂಟುಮೂಟೆ ಕಟ್ಬೇಕು. ಇನ್ನೊಂದು ಕಾಂಟ್ರ್ಯಾಕ್ಟ್‌ನಲ್ಲಿರೋ ರೀಪೇಮೆಂಟ್ ಕ್ಲಾಸ್, ಅಂದ್ರೆ ನಿಮ್ಮನ್ನ ಕರೆಸೋಕೆ ನಾವು ಇಷ್ಟು ಖರ್ಚು ಮಾಡಿದೀವಿ, ಎರಡೋ ಮೂರೋ ವರ್ಷದೊಳಗೆ ಬಿಟ್ರೆ ವಾಪಸ್ ಕಟ್ಬೇಕು ಅನ್ನೋದು. ಟಿಕೆಟ್ ದುಡ್ಡು ಕೇಳಿದ್ರೆ ಒಪ್ಪೋಣ, ಆದ್ರೆ ಆಸ್ಪತ್ರೆಯೇ ಕೊಡ್ಬೇಕಾದ ಟ್ರೈನಿಂಗ್ ಖರ್ಚೂ ಸೇರ್ಸಿ ಸಾವಿರಾರು ಪೌಂಡ್ ಅಂತ ಬರೆದಿರೋ ಆಸ್ಪತ್ರೆಯೋರೂ ಇದಾರೆ, ಅಲ್ಲಿನ ನರ್ಸ್‌ಗಳ ಯೂನಿಯನ್ ಆರ್‌ಸಿಎನ್ ಇದರ ವಿರುದ್ಧ ದನಿ ಎತ್ತಿದೆ. ಅಲ್ಲಿನ ಸರ್ಕಾರದ ನೇಮಕಾತಿ ಸಂಹಿತೇಲಿ ಈ ಶರತ್ತು ಮೊದಲೇ ಬಿಡಿಸಿ ಹೇಳಿರ್ಬೇಕು, ನಿಜವಾದ ಖರ್ಚಿಗೆ ತಕ್ಕಷ್ಟೇ ಇರ್ಬೇಕು, ಕೆಲಸ ಮಾಡಿದಷ್ಟೂ ಕಮ್ಮಿ ಆಗ್ತಾ ಹೋಗ್ಬೇಕು ಅಂತಿದೆ. ಅದಕ್ಕೇ ಹೇಳೋದು, ಕಾಂಟ್ರ್ಯಾಕ್ಟ್ ಆಮೇಲೆ ಅನ್ನೋ ಮಾತಿಗೆ ಒಪ್ಲೇಬೇಡಿ. ಇಲ್ಲಿ ರಿಸೈನ್ ಮಾಡೋಕೆ ಮುಂಚೆ ಆ ಕಾಗದ ಕೈಗೆ ಬರ್ಬೇಕು.

ಈಗ ಆ ಮೂರು ಲಕ್ಷದ ವಿಷಯ. ಅದೇ ಸಂಹಿತೆ ಪ್ರಕಾರ ಕೆಲಸ ಕೊಡ್ಸೋದಕ್ಕೆ ನರ್ಸ್ ಕೈಯಿಂದ ಏಜೆನ್ಸಿ ಒಂದು ಪೈಸೆ ಫೀಸ್ ತಗೊಳ್ಳೋ ಹಾಗಿಲ್ಲ, ಏಜೆನ್ಸಿಗೆ ದುಡ್ಡು ಕೊಡೋದು ಆಸ್ಪತ್ರೆ. ನಮ್ಮ ದೇಶದ ನಿಯಮದಲ್ಲೂ ಲೈಸೆನ್ಸ್ ಇರೋ ಏಜೆಂಟ್ ತಗೋಬಹುದಾದ ಗರಿಷ್ಠ ಫೀಸ್ 30 ಸಾವಿರ, ಜಿಎಸ್‌ಟಿ ಸೇರಿ 35,400. ಹಾಗಾದ್ರೆ ಮೂರು ಲಕ್ಷ ಯಾವ ಲೆಕ್ಕ? ಅವರ ಲೈಸೆನ್ಸ್ ನಂಬರ್ ಇಸ್ಕೊಂಡು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ನಂಬರ್ ಕೇಳಿದ ತಕ್ಷಣ ಮಾತಿನ ಧಾಟಿ ಬದಲಾದ್ರೆ ಅಲ್ಲಿಗೆ ಉತ್ತರ ಸಿಕ್ತು. ಯುಕೆ ಕಡೆ ನೀತಿ ಪಾಲಿಸೋ ಏಜೆನ್ಸಿಗಳ ಪಟ್ಟಿ ಒಂದಿದೆ, ಅದರಲ್ಲಿ ಹೆಸರಿದ್ಯಾ ನೋಡಿ. ಮತ್ತೆ, ಮೊದಲು ಕೇರ್ ಅಸಿಸ್ಟೆಂಟ್, ಅಂದ್ರೆ ವಯಸ್ಸಾದೋರನ್ನ ಕಾಯಿಲೆಯೋರನ್ನ ನೋಡ್ಕೊಳ್ಳೋ ಕೇರ್ ವರ್ಕರ್ ವೀಸಾದಲ್ಲಿ ಹೋಗ್ಲಿ, ಆಮೇಲೆ ನರ್ಸ್ ಆಗ್ಬಹುದು ಅಂದ್ರೆ ಅಲ್ಲೇ ಎದ್ದು ಬನ್ನಿ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನ ಕರೆಸ್ಕೊಳ್ಳೋದನ್ನ ಯುಕೆ 2025ರ ಜುಲೈ 22ಕ್ಕೇ ನಿಲ್ಸಿದೆ.

ಸರಿಯಾದ ದಾರೀಲೂ ಖರ್ಚಿದೆ, ಸುಳ್ಳು ಹೇಳಲ್ಲ. ಐಇಎಲ್‌ಟಿಎಸ್ ಇಲ್ಲಾ ಒಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ ಪಾಸಾಗ್ಬೇಕು, ಇಲ್ಲೇ ಕೂತು ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆ ಬರೀಬೇಕು, ಅಲ್ಲಿ ಹೋಗಿ ಓಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ ಕೊಡ್ಬೇಕು, ಅದರ ಫೀಸೇ 794 ಪೌಂಡ್, ಎನ್‌ಎಚ್‌ಎಸ್ ಅನ್ನೋ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಸಾಮಾನ್ಯವಾಗಿ ಅದನ್ನ ಅವರೇ ಕಟ್ತಾರೆ, ಹಾಗೆ ಕಟ್ಟಿದ್ದೇ ಆಮೇಲೆ ರೀಪೇಮೆಂಟ್ ಪಟ್ಟೀಲಿ ಕೂತ್ಕೊಳ್ಳೋದೂ ಇದೆ. ಪಾಸಾಗಿ ಪಿನ್, ಅಂದ್ರೆ ಅಲ್ಲಿನ ನರ್ಸ್ ನೋಂದಣಿ ನಂಬರ್ ಬರೋವರೆಗೂ ಬ್ಯಾಂಡ್ 3 ಅಥವಾ 4ರ, ಅಂದ್ರೆ ಕೆಳಗಿನ ದರ್ಜೆಯ ಸಂಬಳ, ಪಿನ್ ಬಂದ್ಮೇಲೆ ಬ್ಯಾಂಡ್ 5, ಇಂಗ್ಲೆಂಡ್‌ನಲ್ಲಿ 2025-26ರಲ್ಲಿ ಅದು ಶುರುವಾಗ್ತಿದ್ದಿದ್ದು ವರ್ಷಕ್ಕೆ 31,049 ಪೌಂಡ್‌ನಿಂದ, ವಾರಕ್ಕೆ 37.5 ಗಂಟೆ. ಅದನ್ನ ನೂರಾಚಿಲ್ಲರೆಯಿಂದ ಗುಣಿಸಿ ಖುಷಿ ಪಡ್ಬೇಡಿ, ಬಾಡಿಗೆ ಕಟ್ಟೋದೂ ಪೌಂಡ್‌ನಲ್ಲೇ. ನಾಲ್ಕು ವರ್ಷ ಐಸಿಯು ನೋಡ್ಕೊಂಡೋಳು ಮೊದಲ ಕೆಲವು ತಿಂಗಳು ಹೇಳಿದ್ದಷ್ಟೇ ಮಾಡ್ಬೇಕಾಗುತ್ತೆ, ಅದು ದುಡ್ಡಿಗಿಂತ ಜಾಸ್ತಿ ನೋಯುತ್ತೆ ಅಂತ ಹೋದ ಹುಡ್ಗೀರು ಹೇಳ್ತಾರೆ.

ಆ ಏಜೆನ್ಸಿ ಬಿಡಿ ಅಂದ್ರೆ ಎಲ್ಲಿಗೆ ಹೋಗ್ಲಿ ಅಂತೀರಾ, ನಮ್ಮ ರಾಜ್ಯ ಸರ್ಕಾರದ ಕೌಶಲ್ಯ ಅಭಿವೃದ್ಧಿ ನಿಗಮದ ಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರ ಅಂತ ಬೆಂಗಳೂರಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ.

ಇನ್ನೊಂದು ಮಾತು ಸರ್. ನಿಮ್ಮ ಪತ್ರ ಮೂರು ಸಲ ಓದಿದೆ, ನೀವು ಏನಂದ್ರಿ, ನಿಮ್ಮನೆಯೋರು ಏನಂದ್ರು, ಭಾವಮೈದ ಏನಂದ, ಎಲ್ಲಾ ಇದೆ, ಮಗಳು ಏನಂದ್ಲು ಅಂತ ಒಂದು ಸಾಲೂ ಇಲ್ಲ. ನೈಟ್ ಮುಗ್ಸಿ ನಿದ್ದೆ ಮಾಡಿ ಎದ್ದ್ಮೇಲೆ ಇದನ್ನ ಆಕೆಗೆ ಓದೋಕೆ ಕೊಡಿ, ಮುಂದಿನ ಪತ್ರ ಆಕೆಯೇ ಬರೀಲಿ. ಕಾಂಟ್ರ್ಯಾಕ್ಟ್ ಸಿಕ್ಕಿದ್ರೆ ಅದರ ಜೆರಾಕ್ಸ್ ಕೂಡ ಜೊತೇಲಿ ಕಳಿಸ್ಲಿ, ನಮ್ಮ ಆಫೀಸಿಗೆ ಬರೋ ವಕೀಲರೊಬ್ಬರಿಗೆ ಇಂಥದ್ದನ್ನ ಓದೋದೇ ಖುಷಿ.